ರೊಟ್ಟಿ ಹೊತ್ತಿನ ನಡಿಗೆ

ಹಾಜರಿ ಕರೆಯುತ್ತಿದ್ದೆ. ನಾಲ್ಕನೇ ತರಗತಿ, ಮೂವತ್ತೊಂದು ಮಕ್ಕಳು. ಹನ್ನೊಂದನೇ ಹೆಸರು ಭೀಮಬಾಯಿ. ಹೆಸರು ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ನನ್ನದೇ ಅಕ್ಷರ, ನೀಲಿ ಶಾಯಿ. ಬಾಯಿಂದ ಮಾತ್ರ "ಬೀ... ಬೀ..." ಎಂದಷ್ಟೇ ಬಂತು.

ಮಕ್ಕಳು ನಕ್ಕರು. ಅವರನ್ನು ನಗಿಸಲಿಕ್ಕೆ ನಾನು ಆಗಾಗ ಹೀಗೆ ಹೆಸರು ಎಳೆಯುವುದುಂಟು. ಭೀಮಬಾಯಿಯೂ ಎದ್ದು ನಿಂತು ನಕ್ಕಳು. ಮತ್ತೊಮ್ಮೆ ಪ್ರಯತ್ನಿಸಿದೆ. ನಾಲಿಗೆ ನನ್ನದಲ್ಲ ಅನಿಸಿತು. ಬಲಗೈಯಿಂದ ಪೆನ್ನು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಬೆರಳು ಹಿಡಿಯಲಿಲ್ಲ.

ಮಕ್ಕಳು ನಗುತ್ತಲೇ ಇದ್ದರು.

ಹೆಡ್ ಮಾಸ್ತರರು ಬಂದು ಸಕ್ಕರೆ ನೀರು ಕುಡಿಸಿದರು. ಕುರ್ಚಿಯಲ್ಲಿ ಕೂತೆ. ಹತ್ತು ನಿಮಿಷವೋ ಕಾಲು ಗಂಟೆಯೋ ಗೊತ್ತಿಲ್ಲ. ಆಮೇಲೆ ತಾನಾಗಿಯೇ ಎಲ್ಲ ಸರಿಹೋಯಿತು. ಮೊದಲು ಬಾಯಿಗೆ ಬಂದ ಮಾತು "ಭೀಮಬಾಯಿ". ಅವಳು "ಹಾಜರ್ ಟೀಚರ್" ಎಂದಳು. ನಾನು ಎದ್ದು ಉಳಿದ ಇಪ್ಪತ್ತು ಹೆಸರನ್ನೂ ಕರೆದು, ಬಿಸಿಯೂಟ ಬಡಿಸಿ, ಮಧ್ಯಾಹ್ನ ಭಾಗಾಕಾರ ಹೇಳಿಕೊಟ್ಟು, ಸಂಜೆ ಬಸ್ಸಿಗೆ ಮನೆಗೆ ಬಂದೆ. ಅಂಥ ಮೂರ್ಖಳು ನಾನು. ಮನೆಯಲ್ಲಿ ರೊಟ್ಟಿ ಬಡಿಯುತ್ತ, ಏನೋ ತಮಾಷೆ ಹೇಳುವವಳಂತೆ ಆ ಸಂಗತಿ ಹೇಳಿದೆ.

ನಮ್ಮ ಮನೆಯವರು ಕೈಯಲ್ಲಿದ್ದ ತುತ್ತು ತಾಟಿನಲ್ಲಿ ಇಟ್ಟರು. "ನಡಿ" ಎಂದರು. ಅವರು ಪಂಪ್‌ಸೆಟ್ ಮೆಕ್ಯಾನಿಕ್. ಮೋಟಾರು ಒಮ್ಮೆ ನಿಂತು ತಾನೇ ಶುರುವಾದರೆ ಅದು ಒಳ್ಳೆಯ ಲಕ್ಷಣವಲ್ಲ ಎಂಬುದು ಅವರಿಗೆ ಗೊತ್ತು.

ಶಹಾಪುರದ ಆಸ್ಪತ್ರೆಯಲ್ಲಿ ಬಿಪಿ ನೂರಾ ತೊಂಬತ್ತಾರು, ನೂರಾ ಹನ್ನೆರಡು. ನರ್ಸ್ ಎರಡು ಸಲ ಪಟ್ಟಿ ಸುತ್ತಿ ನೋಡಿದಳು. ಅಲ್ಲಿಂದ ಕಲಬುರಗಿಗೆ ಹೋಗಿ ಸಿಟಿ ಸ್ಕ್ಯಾನ್, ಇಸಿಜಿ, ರಕ್ತಪರೀಕ್ಷೆ. ನಾಲ್ಕು ದಿನದ ಮೇಲೆ ಫೈಲ್ ಹಿಡಿದು ಮತ್ತೆ ಶಹಾಪುರದ ಡಾಕ್ಟರಮ್ಮನ ಮುಂದೆ ಕೂತೆ. ಮದುವೆಯಾಗಿ ಹೋಗಿರುವ ನನ್ನ ಮಗಳಿಗಿಂತ ಆರೇಳು ವರ್ಷ ದೊಡ್ಡವಳು ಇರಬಹುದು. ಫೈಲ್ ಪೂರ್ತಿ ಓದಿದಳು. ಅಷ್ಟು ಹೊತ್ತು ಓದಿದ್ದೇ ನನಗೆ ಭಯ ಹುಟ್ಟಿಸಿತು.

"ಇದಕ್ಕ ಟಿಐಎ ಅಂತಾರ ಟೀಚರ್. ಮಿನಿ ಸ್ಟ್ರೋಕ್ ಅಂತ ತಿಳೀರಿ. ಈ ಸಲ ಹಾಗೇ ಹೋಗೇದ."

"ಮತ್ತ ಬಂದ್ರ?"

"ಬರದಂಗ ನೋಡ್ಕೋಬೇಕು. ಮುಂದಿನ ಸಲ ಮಾತು ತಿರುಗಿ ಬರ್ತದಂತ ನಾ ಹೇಳಾಕಾಗಲ್ಲ."

ನಾನು ಇಪ್ಪತ್ತೈದು ವರ್ಷ ಬಾಯಿಂದ ದುಡಿದು ತಿಂದವಳು. ಮಗ್ಗಿ, ಪದ್ಯ, ಬೈಗುಳ, ಕಥೆ. ತರಗತಿಯಲ್ಲಿ ಬಾಯಿ ಮುಚ್ಚಿದರೆ ಮೂವತ್ತೊಂದು ಬಾಯಿಗಳು ತೆರೆದುಕೊಳ್ಳುತ್ತವೆ. ಮನೆಯಲ್ಲೂ ಮಾತಿನವಳೇ. ನಮ್ಮ ಅತ್ತೆಗೂ ನನಗೂ ಇಪ್ಪತ್ತೇಳು ವರ್ಷದಿಂದ ಒಂದು ದಿನವೂ ಬಿಡದೆ ವಾದ ನಡೆದಿದೆ. ಸಾವಿಗೆ ನಾನು ಅಷ್ಟು ಹೆದರಲಿಲ್ಲ. ಬದುಕಿದ್ದು, ಎಲ್ಲ ತಿಳಿಯುತ್ತಿದ್ದು, "ಬೀ... ಬೀ..." ಎಂದು ಕೂತಿರಬೇಕಾದೀತು ಎಂದು ಹೆದರಿದೆ. ಅದನ್ನು ಯಾರಿಗೂ ಹೇಳಲಿಲ್ಲ.

ಡಾಕ್ಟರಮ್ಮ ಮೂರು ಥರದ ಗುಳಿಗೆ ಬರೆದಳು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಂದ್. ಬಿಪಿ ಮಷಿನ್ ತಂದು ದಿನಕ್ಕೆರಡು ಸಲ ನೋಡಿ ವಹಿಯಲ್ಲಿ ಬರೆಯಬೇಕು. ಕೊನೆಗೆ, "ದಿನಾ ನಲವತ್ತು ನಿಮಿಷ ವಾಕಿಂಗ್ ಮಾಡ್ರಿ" ಎಂದಳು.

ಯಾವಾಗ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಲವತ್ತು ನಿಮಿಷ ಅಂದರೆ ಅವಳ ಲೆಕ್ಕದಲ್ಲಿ ಒಂದು ಸಣ್ಣ ಸಂಗತಿ. ನನ್ನ ದಿನದಲ್ಲಿ ನಲವತ್ತು ನಿಮಿಷ ಎಲ್ಲಿದೆ ಎಂದು ಬಸ್ಸಿನಲ್ಲಿ ಕೂತು ಹುಡುಕಿದೆ. ಬೆಳಿಗ್ಗೆ ಐದೂವರೆಗೆ ಒಲೆ. ಎಂಟೂಕಾಲಿಗೆ ಬಸ್ಸು. ಸಂಜೆ ಐದೂವರೆಗೆ ಮನೆ, ಆರಕ್ಕೆ ರೊಟ್ಟಿ. ಈ ಆರು ಗಂಟೆಯ ರೊಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅತ್ತೆ ದೀಪ ಹಚ್ಚುವುದರೊಳಗೆ ಊಟ ಮುಗಿಸುವವರು. ಅವರಿಗೆ ಹಲ್ಲಿಲ್ಲ. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ, ಅದೂ ಉಬ್ಬಿ ಎರಡು ಪದರ ಬಿಟ್ಟದ್ದೇ ಬೇಕು. ಕೆನಾಲ್ ಬಂದು ನಮ್ಮ ಕಡೆಯೆಲ್ಲ ಭತ್ತವಾಗಿ, ಜೋಳ ಬಿತ್ತುವವರೇ ಕಡಿಮೆಯಾದರೂ ಅವರ ಹೊಟ್ಟೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅನ್ನ ಅಂದರೆ ಅವರಿಗೆ ಜಡ್ಡಾದವರ ಊಟ.

ಹಾಗಾಗಿ ಉಳಿದದ್ದು ಬೆಳಗಿನ ನಾಲ್ಕೂವರೆ ಒಂದೇ.

ಈಗ ನಾನು ಮಾಡಿದ ದೊಡ್ಡ ಬುದ್ಧಿವಂತಿಕೆಯ ಕಥೆ. ನಮ್ಮ ಹಳ್ಳಿಯಲ್ಲಿ ಹೆಂಗಸೊಬ್ಬಳು ಕೈಬೀಸಿಕೊಂಡು ಸುಮ್ಮನೆ ನಡೆದು ಹೋಗುವ ಪದ್ಧತಿ ಇಲ್ಲ. ಹೊಲಕ್ಕೆ, ನೀರಿಗೆ, ಗುಡಿಗೆ, ಬಸ್ಸಿಗೆ, ಎಲ್ಲಿಗಾದರೂ ಸರಿ, ಹೋಗುವುದಕ್ಕೊಂದು ಕಾರಣ ಬೇಕು. "ಎಲ್ಲಿಗೆ ಹೊಂಟೀರಿ?" ಎಂದು ಕೇಳಿದರೆ "ಎಲ್ಲಿಗೂ ಇಲ್ಲ" ಎಂಬ ಉತ್ತರ ನಡೆಯುವುದಿಲ್ಲ. ಟೀಚರ್‌ಗೆ ಬಿಪಿ ಅಂತೆ, ಬಾಯಿ ಬಿದ್ದುಹೋಗಿತ್ತಂತೆ ಎಂದು ಊರಿಗೆ ಗೊತ್ತಾಗುವುದೂ ನನಗೆ ಬೇಡವಾಗಿತ್ತು. ಆದರೆ ಒಂದು ವಸ್ತು ಕೈಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ನೀರು ತುಂಬಿದ ಚರಿಗೆ, ಅಂದರೆ ಚೆಂಬು. ಮನೆಮನೆಗೆ ಪಾಯಖಾನೆ ಆಗುವ ಮೊದಲು ಬೆಳಕು ಹರಿಯುವುದರೊಳಗೆ ನಾವೆಲ್ಲ ಚರಿಗೆ ಹಿಡಿದೇ ಕೆನಾಲ್ ಏರಿಗೆ ಹೋಗುತ್ತಿದ್ದೆವು. ಜಾಲಿಗಿಡದ ಬಯಲೆಲ್ಲ ಗದ್ದೆಯಾದ ಮೇಲೆ ಹೆಂಗಸರಿಗೆ ಉಳಿದಿದ್ದ ಮರೆ ಅದೊಂದೇ. ಚರಿಗೆ ಹಿಡಿದ ಹೆಂಗಸು ಎದುರಾದರೆ ಗಂಡಸರು ಮುಖ ತಿರುಗಿಸಿ ಹೋಗುತ್ತಾರೆ. ಯಾರೂ ಮಾತಾಡಿಸುವುದಿಲ್ಲ.

ಮನೆಯಲ್ಲಿ ಎಂಟು ವರ್ಷದಿಂದ ಪಾಯಖಾನೆ ಇದ್ದ ನಾನು, ಅಟ್ಟದ ಮೇಲಿದ್ದ ಹಳೆಯ ಹಿತ್ತಾಳೆ ಚರಿಗೆ ಇಳಿಸಿ, ತೊಳೆದು, ನೀರು ತುಂಬಿಕೊಂಡು ವಾಕಿಂಗ್ ಹೋಗತೊಡಗಿದೆ.

ನಾಲ್ಕಕ್ಕೇ ಎಚ್ಚರ. ಎಚ್ಚರವಾಗದಿದ್ದರೆ ಎಂಬ ಚಿಂತೆಗೆ ಎರಡಕ್ಕೇ ಒಮ್ಮೆ ಎಚ್ಚರ. ಮಾರ್ಗಶಿರದ ಚಳಿ, ಕೆನಾಲ್ ನೀರಿನ ಮೇಲಿನಿಂದ ಬರುವ ಗಾಳಿ. ನಾಯಿಗಳ ಭಯ, ಗದ್ದೆ ಬದಿಯ ಹಾವಿನ ಭಯ, ಗುರುತಿನವರ ಭಯ. ಚರಿಗೆಯ ನೀರು ತುಳುಕಬಾರದು, ಬೆಳಕಾಗುವ ಮೊದಲು ತಿರುಗಿ ಮನೆ ಸೇರಬೇಕು. ನಲವತ್ತು ನಿಮಿಷದ ದಾರಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಬಂದವಳೇ ಒಲೆ ಹಚ್ಚುತ್ತಿದ್ದೆ. ಗುಳಿಗೆ ಮಾತ್ರ ನಾಷ್ಟಾ ಆದ ಮೇಲೆ, ಬಸ್ಸು ಬರುವ ಹೊತ್ತಿಗೆ.

ವಹಿಯಲ್ಲಿ ಬರೆಯುವುದನ್ನು ಬಿಡಲಿಲ್ಲ. ಹಾಜರಿ ಬರೆದು ರೂಢಿಯಾದ ಕೈ ನೋಡಿ. ಎದ್ದ ಕೂಡಲೇ ಐದು ನಿಮಿಷ ಸುಮ್ಮನೆ ಕೂತು ಒಮ್ಮೆ, ಸಂಜೆ ಒಮ್ಮೆ. ಬೆಳಗಿನದು ನೂರಾ ಅರವತ್ತೆಂಟು, ನೂರಾ ಎಪ್ಪತ್ತೆರಡು, ನೂರಾ ಅರವತ್ತೈದು. ಗುಳಿಗೆ ನುಂಗಿ, ಉಪ್ಪು ಬಿಟ್ಟು, ನಿದ್ದೆಗೆಟ್ಟು ನಡೆದರೂ ಅದು ಇಳಿಯಲೊಲ್ಲದು. ಪರೀಕ್ಷೆಗೆ ಎಷ್ಟು ಓದಿದರೂ ಫೇಲಾಗುವ ಮಗು ನನ್ನ ಮುಂದೆ ಬಂದು ಅತ್ತಾಗ "ಇನ್ನೂ ಹೆಚ್ಚು ಓದು" ಎಂದು ಕಳಿಸುತ್ತಿದ್ದೆನಲ್ಲ, ಅದು ನೆನಪಾಯಿತು. ನಾನೂ ಅದನ್ನೇ ಮಾಡಿದೆ. ಇನ್ನೂ ಜೋರಾಗಿ ನಡೆದೆ.

ಅದೊಂದು ಬೆಳಿಗ್ಗೆ ಸೀಟಿ ಕೇಳಿಸಿತು.

ಏರಿಯ ಮೇಲೆ ಎದುರಿನಿಂದ ಟಾರ್ಚ್ ಬೆಳಕು. ಬಯಲಿಗೆ ಹೋಗುವವರನ್ನು ತಡೆಯಲು ಬೆಳಗಿನ ಹೊತ್ತು ಸೀಟಿ ಊದುತ್ತ ತಿರುಗುವ ತಂಡ. ಬೈಯುವುದಿಲ್ಲ ಅವರು. ಕೊರಳಿಗೆ ಚೆಂಡು ಹೂವಿನ ಹಾರ ಹಾಕಿ ಕೈ ಮುಗಿಯುತ್ತಾರೆ. ಬೈಸಿಕೊಳ್ಳುವುದೇ ಎಷ್ಟೋ ವಾಸಿ. ಆ ತಂಡ ಊರಿಗೆ ಬರುವ ಮೊದಲು ಮಕ್ಕಳ ಮೆರವಣಿಗೆ ತೆಗೆದು, "ಚರಿಗೆ ಬಿಡಿ, ಮಾನ ಉಳಿಸಿ" ಎಂದು ಘೋಷಣೆ ಕೂಗಿಸಿದವಳು ನಾನೇ. ಘೋಷಣೆ ಬರೆದವಳೂ ನಾನೇ.

ಮುಂದೆ ನಿಂತಿದ್ದವಳು ಆಶಾ ಕಾರ್ಯಕರ್ತೆ ಮಲ್ಲಮ್ಮ, ನನ್ನ ಹಳೆಯ ವಿದ್ಯಾರ್ಥಿನಿ. ಹಾರ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಟೀಚರ್, ನೀವಾ?"

"ನಾ ವಾಕಿಂಗ್ ಬಂದೀನವ್ವ."

ಹಿಂದಿದ್ದ ಒಬ್ಬಾತ ನನ್ನ ಕೈಯ ಮೇಲೆ ಟಾರ್ಚ್ ಬೆಳಕು ಬಿಟ್ಟ. "ಚರಗಿ ತಗೊಂಡು ಯಾರರ ವಾಕಿಂಗ್ ಮಾಡ್ತಾರೇನ್ರಿ ಟೀಚರ್?"

ಎಲ್ಲರೂ ನಕ್ಕರು. ಕೆಟ್ಟದಾಗಿ ಅಲ್ಲ. ನನ್ನ ತರಗತಿಯ ಮಕ್ಕಳು ನಕ್ಕಂತೆಯೇ. ಉತ್ತರ ಕೊಡಲು ಬಾಯಿ ತೆರೆದೆ.

ಮಾತು ಬರಲಿಲ್ಲ.

ಎದೆ ಡವಗುಟ್ಟುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಇದು ನಾಚಿಕೆಯೋ, ಅದೇ ಮತ್ತೆ ಬಂತೋ? ತಿಳಿಯಲಿಲ್ಲ. ಅವರು ನಾಚಿಕೆ ಎಂದುಕೊಂಡರು. ಮಲ್ಲಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿ, ಹಾರವನ್ನು ಕೊರಳಿಗೆ ಹಾಕದೆ ಕೈಗೆ ಕೊಟ್ಟಳು. ನಾನು ಮನಸ್ಸಿನಲ್ಲೇ ಹಾಜರಿ ಪುಸ್ತಕ ತೆರೆದು ಹನ್ನೊಂದನೇ ಹೆಸರು ಹುಡುಕುತ್ತಿದ್ದೆ. ಅವರು ಹತ್ತು ಹೆಜ್ಜೆ ದಾಟಿದ ಮೇಲೆ ಬಾಯಿ ಬಿಟ್ಟು ಹೇಳಿದೆ. "ಭೀಮಬಾಯಿ." ಬಂತು. ಚರಿಗೆಯ ನೀರನ್ನು ಅಲ್ಲೇ ಚೆಲ್ಲಿ, ಏರಿಯ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಹಾರವನ್ನು ಚರಿಗೆಯೊಳಗೆ ತುರುಕಿಕೊಂಡು ಮನೆಗೆ ಬಂದರೆ ಅತ್ತೆ ಎದ್ದು ಬಾಗಿಲಲ್ಲಿ ಕೂತಿದ್ದರು. ಹೂವು ನೋಡಿದರು.

"ಇಷ್ಟ ಮುಂಜಾನಿ ಎಲ್ಲಿ ಸನ್ಮಾನ ಆತವ್ವ ನಿನಗ?"

ಅತ್ತಿದ್ದ ಮುಖದಲ್ಲೇ ನಗು ಬಂತು. ಆದರೆ ಮಷಿನ್ ಹಚ್ಚಿದಾಗ ಇನ್ನೂರಾ ನಾಲ್ಕು ತೋರಿಸಿತು. ಮನೆಯವರು ಗಾಡಿ ತೆಗೆದರು.

ಡಾಕ್ಟರಮ್ಮ ಮೊದಲು ಕೈ ಎತ್ತಿಸಿದಳು, ನಗಿಸಿದಳು, ನಾಲಿಗೆ ಹೊರಗೆ ಹಾಕಿಸಿದಳು. ಸ್ಟ್ರೋಕ್ ಅಲ್ಲ ಎಂದಳು. ಗುಳಿಗೆ ಕೊಟ್ಟು ಮಧ್ಯಾಹ್ನದವರೆಗೂ ಅಲ್ಲೇ ಮಲಗಿಸಿದಳು. ಆಮೇಲೆ, "ಏನಾತು, ಸುಳ್ಳು ಹೇಳದ ಹೇಳ್ರಿ" ಎಂದಳು. ನಾನು ಚರಿಗೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಗುತ್ತಲೇ ನನ್ನ ಕೈ ಹಿಡಿದುಕೊಂಡಳು. ಆಮೇಲೆ ನಗು ನಿಲ್ಲಿಸಿ ವಹಿ ಇಸಿದುಕೊಂಡಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು, ನಾನು ಉತ್ತರ ಪತ್ರಿಕೆ ನೋಡುವಂತೆ.

"ಇಲ್ಲಿ ನಾಕು ದಿನ ಮುಂಜಾನಿದು ಇಳದದಲ್ಲ. ನೂರಾ ನಲವತ್ತಾರು, ನಲವತ್ತನಾಕು. ಈ ದಿನ ಏನ್ ಮಾಡಿದ್ರಿ?"

ನೆನಪು ಮಾಡಿಕೊಂಡೆ. ಆ ವಾರ ಕೆನಾಲ್ ಮೇಲಿನ ಸೇತುವೆಯನ್ನು ರಿಪೇರಿಗೆಂದು ಮಧ್ಯಾಹ್ನದ ಮೇಲೆ ಮುಚ್ಚುತ್ತಿದ್ದರಿಂದ ಸಂಜೆ ಬಸ್ಸು ಬಂದಿರಲಿಲ್ಲ. ಶಾಲೆಯಿಂದ ಮನೆಗೆ ಏರಿ ಹಿಡಿದು ನಡೆದು ಬಂದಿದ್ದೆ, ಹತ್ತಿರ ಹತ್ತಿರ ಮೂರೂವರೆ ಕಿಲೋಮೀಟರ್. ರೊಟ್ಟಿ ತಡವಾಗಿ ಅತ್ತೆಯಿಂದ ಬೈಸಿಕೊಂಡಿದ್ದೆ. ದಣಿದು ಮಲಗಿ, ಬೆಳಗಿನ ವಾಕಿಂಗ್‌ಗೆ ಏಳಲಾಗಿರಲಿಲ್ಲ. ವಾಕಿಂಗ್ ತಪ್ಪಿತಲ್ಲ ಎಂದು ಬೇರೆ ಮರುಗಿದ್ದೆ.

"ಬಿಪಿಗೂ ಒಂದು ದಿನಚರಿ ಇರ್ತದ ಟೀಚರ್" ಎಂದಳು. "ನಿದ್ದಿಯೊಳಗ ಇಳೀತದ. ಏಳೋ ಹೊತ್ತಿಗೆ ತಾನ ಏರಾಕ ಶುರು ಮಾಡ್ತದ. ಎಲ್ಲಾರಿಗೂ ಹಂಗ. ನಿಮಗ ಜರಾ ಜಾಸ್ತಿ. ಆ ಹೊತ್ತಿನ್ಯಾಗ ನೀವು ಅರ್ಧ ನಿದ್ದಿ ಮಾಡಿ, ಚಳ್ಯಾಗ, ಅಂಜಿಕೊಂತ, ಓಡಿದಂಗ ನಡೀತೀರಿ."

"ಹಂಗಾರ ಮುಂಜಾನಿ ನಡಿಯೋದು ತಪ್ಪೇನ್ರಿ?"

"ತಪ್ಪಲ್ಲ. ಎಷ್ಟೋ ಮಂದಿ ಮುಂಜಾನಿ ನಡದು ಆರಾಮ ಅದಾರ. ನಡಿಯೋದು ಮುಖ್ಯ. ಸಂಜಿ ನಡದ್ರ ಜಾಸ್ತಿ ಇಳೀತದ ಅನ್ನೋರು ಅದಾರ, ಹಂಗೇನಿಲ್ಲ ಅನ್ನೋರೂ ಅದಾರ. ನಾ ಅದನ್ನ ನೋಡಾಕತ್ತಿಲ್ಲ. ನಿಮ್ಮ ವಹಿ ನೋಡಾಕತ್ತೀನಿ. ಎರಡು ತಿಂಗಳು ಸಂಜಿ ಬಸ್ ಹತ್ತಬ್ಯಾಡ್ರಿ. ನಿದ್ದಿ ಪೂರ್ತಿ ಮಾಡ್ರಿ. ಒಂದು ಗುಳಿಗಿ ಬದಲು ಮಾಡ್ತೀನಿ. ನೋಡೂಣು."

ಎಷ್ಟು ಸುಲಭ. ಸಂಜೆ ಬಸ್ಸು ಹತ್ತದಿದ್ದರಾಯಿತು. ಚರಿಗೆಯೂ ಬೇಡ, ಸುಳ್ಳೂ ಬೇಡ. ಹೆಗಲಿಗೆ ಬ್ಯಾಗು, ಕೈಯಲ್ಲಿ ಖಾಲಿ ಟಿಫಿನ್ ಡಬ್ಬಿ. ಶಾಲೆಯಿಂದ ಮನೆಗೆ ಹೋಗುವ ಟೀಚರ್‌ಗೆ ಬೇರೆ ಕಾರಣ ಯಾಕೆ ಬೇಕು? ಆದರೆ ಸಂಜೆ ಯಾರದು? ನನ್ನ ಇಡೀ ದಿನವನ್ನು ಬಿಡಿಸಿ ನೋಡಿದರೆ ಯಾವ ಹೊತ್ತಿಗೂ ಒಬ್ಬೊಬ್ಬ ಯಜಮಾನರಿದ್ದರು. ಬೆಳಿಗ್ಗೆ ಒಲೆಯದು, ಹಗಲು ಸರ್ಕಾರದ್ದು, ಸಂಜೆ ಅತ್ತೆಯದು. ಯಾರಿಗೂ ಬೇಡವಾದ ನಾಲ್ಕೂವರೆಯನ್ನು ನಾನು ಕದ್ದಿದ್ದೆ. ಅದೇ ನನ್ನ ಮೈಗೆ ಒಗ್ಗಲಿಲ್ಲ. ಎಷ್ಟು ಗುಳಿಗೆ ನುಂಗಬೇಕು ಎಂಬುದಕ್ಕಿಂತ ಯಾವ ಹೊತ್ತನ್ನು ಯಾರಿಂದ ಕೇಳಿ ಪಡೆಯಬೇಕು ಎಂಬುದೇ ನನ್ನ ಕಾಯಿಲೆಯ ದೊಡ್ಡ ಪ್ರಶ್ನೆಯಾಯಿತು.

ಮನೆಯವರು ಅಂದೇ ತಮ್ಮ ತಾಯಿಯ ಮುಂದೆ ಕೂತರು. "ಯವ್ವಾ, ಸಂಜಿಮುಂದ ಅನ್ನ ಮಾಡಿದ್ರ ನಡೀತದೇನು?"

"ಯಾಕ, ನನಗೇನಾಗೇದ?" ಎಂದರು ಅತ್ತೆ. "ಅನ್ನ ತಿಂದು ಮಲಗೋ ಹಂಗ ನನಗ ಯಾವ ಜಡ್ಡು ಬಂದದ?"

"ಇಕಿಗೆ ಬಂದದ."

"ಹಂಗಾರ ಇಕಿ ಅನ್ನ ತಿನ್ಲಿ."

ಮನೆಯವರು ಸ್ವಲ್ಪ ಹೊತ್ತು ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸ್ ಉಳಿಯುವ ಕೈಗಳು. "ನಾ ಬಡೀತೀನಿ ರೊಟ್ಟಿ" ಎಂದರು.

ಅತ್ತೆ ಎದ್ದು ಒಳಗೆ ಹೋದರು.

ಮೊದಲ ದಿನ ನಾನು ಬಂದಾಗ ತಲಬಾಗಿಲು ಮುಚ್ಚಿತ್ತು. ನಡುವೂರಿನಲ್ಲಿ ಸಂಜೆ ಹೊತ್ತು ಬಾಗಿಲು ಮುಚ್ಚುವುದು ಅಂದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಗಾಬರಿಯಿಂದ ತಟ್ಟಿದೆ. ಮನೆಯವರು ಅರ್ಧ ತೆರೆದು, ನನ್ನನ್ನು ಒಳಗೆಳೆದುಕೊಂಡು ಮತ್ತೆ ಚಿಲಕ ಹಾಕಿದರು. ಮೊಳಕೈವರೆಗೂ ಹಿಟ್ಟು. ಶಹಾಬಾದಿ ಕಲ್ಲಿನ ಮೇಲೆ ರೊಟ್ಟಿಯೊಂದು ಬಿರಿದು ಬಿದ್ದಿತ್ತು. ತಣ್ಣೀರು ಹಾಕಿ ಕಲಸಿದ್ದರು. ಹಿಟ್ಟಿಗೆ ಕುದಿಯುವ ನೀರು ಬೇಕು ಎಂಬುದು ಇಪ್ಪತ್ತೇಳು ವರ್ಷ ನನ್ನ ಕೈಯ ರೊಟ್ಟಿ ತಿಂದರೂ ಅವರಿಗೆ ಗೊತ್ತಿಲ್ಲ.

"ಬಾಗಿಲು ಯಾಕ ಹಾಕೀರಿ?"

"ಮಂದಿ ನೋಡ್ತಾರ."

ಚರಿಗೆ ಹಿಡಿದು ನಡೆದವಳು ನಾನು, ಏನು ಹೇಳಲಿ?

ಅತ್ತೆ ಅಂದು ಊಟ ಮಾಡಲಿಲ್ಲ. ಒಂದು ಲೋಟ ಹಾಲು ಕುಡಿದು ಮಲಗಿದರು. ಮರುದಿನವೂ ಅಷ್ಟೇ. ಮೂರನೇ ದಿನ ನನಗೆ ತಡೆಯಲಾಗಲಿಲ್ಲ. "ನಾಳಿಯಿಂದ ಬಸ್ಸಿಗೇ ಬರ್ತೀನಿ" ಎಂದೆ. ಎಂಬತ್ತು ದಾಟಿದ ಜೀವವನ್ನು ಉಪವಾಸ ಕೆಡವಿ ನಾನು ಯಾವ ಆರೋಗ್ಯ ಸಂಪಾದಿಸಬೇಕು? ಸಿಟ್ಟೂ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಬಡಿದು ಹಾಕಿದ ರೊಟ್ಟಿಗಳ ಪುಣ್ಯದಲ್ಲಿ ಎರಡು ತಿಂಗಳ ಸಂಜೆ ಸಿಗಬಾರದೆ ಎಂದು.

ಆ ಸಿಟ್ಟಿನಲ್ಲೇ ಅತ್ತೆಯೊಂದಿಗೆ ವಾದಕ್ಕೆ ನಿಂತೆ. ಮಾತಿನ ಭರದಲ್ಲಿ ಒಂದು ಶಬ್ದ ತೊಡರಿತು. ದೊಡ್ಡದೇನಲ್ಲ, ಸಿಟ್ಟಿನಲ್ಲಿ ಯಾರಿಗಾದರೂ ಆಗುವಂಥದ್ದು. ಆದರೆ ನಾನು ತಟ್ಟನೆ ನಿಲ್ಲಿಸಿ, ಕಣ್ಣು ಮುಚ್ಚಿ, "ಭೀಮಬಾಯಿ" ಎಂದೆ.

"ಯಾರಕಿ ಭೀಮಬಾಯಿ?" ಎಂದರು ಅತ್ತೆ.

ಹೇಳಿದೆ. ಆವತ್ತು ತರಗತಿಯಲ್ಲಿ ಏನಾಯಿತು, ದಿನಕ್ಕೆ ಎಷ್ಟು ಸಲ ಆ ಹೆಸರು ಹೇಳಿ ನೋಡಿಕೊಳ್ಳುತ್ತೇನೆ, ಎಲ್ಲ. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದದ್ದು ಬಿಪಿ ಎಂಬ ಎರಡಕ್ಷರ ಮಾತ್ರ. ಅದು ತಲೆ ತಿರುಗುವ ಕಾಯಿಲೆ ಎಂದುಕೊಂಡಿದ್ದರು. ನಾನೂ ಬಿಡಿಸಿ ಹೇಳಿರಲಿಲ್ಲ.

ಅವರು ಕೈಯಲ್ಲಿದ್ದ ಹಾಲಿನ ಲೋಟ ಕೆಳಗಿಟ್ಟರು.

"ಲಕ್ವಾ ಅನ್ನು" ಎಂದರು. "ನಮ್ಮತ್ತಿಗೆ ಹೊಡದಿತ್ತು. ಮೂರು ವರ್ಷ ಇದ ಪಡಸಾಲ್ಯಾಗ ಮಲಗಿದ್ದಳು. ಬಾಯಿ ಇಲ್ಲ. ಉಣಸಾಕ ಹೋದ್ರ ಏನೋ ಹೇಳಾಕ ನೋಡ್ತಿದ್ದಳು. ನೀರು ಬೇಕೋ, ಸಾಕೋ, ನನ್ನ ಬೈತಾಳೋ, ಒಂದೂ ತಿಳೀತಿದ್ದಿಲ್ಲ. ಸಾಯೋ ಮುಂದ ನನ್ನ ಕೈ ಹಿಡದು ಏನೋ ಅಂದಳು. ಏನಂದಳು ಅಂತ ಇನ್ನೂ ಕೂಡಿಸ್ಕೊಂತ ಕೂತೀನಿ."

ಇಷ್ಟು ವರ್ಷದಲ್ಲಿ ಈ ಮಾತು ನನ್ನ ಮುಂದೆ ಆಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳಿ ನಡಕೊಂತನ ಬಾ" ಎಂದು ಎದ್ದರು. ಮರುದಿನ ನಾನು ನಡೆದು ಬಂದಾಗ ಅವರು ಒಲೆಯ ಮುಂದೆ ಮಣೆ ಹಾಕಿಕೊಂಡು ಮಗನಿಗೆ ಬೈಯುತ್ತ ಕೂತಿದ್ದರು. "ಎಸರು ಕುದಿಬೇಕೋ. ನಾದು, ಇನ್ನೂ ನಾದು. ಅಂಗೈಲೇ ಬಡಿ, ಬೆರಳೀಲೇ ಅಲ್ಲ. ಮೋಟಾರ್ ಬಿಚ್ಚಾಕತ್ತೀ ಏನು?" ಅಂದು ಒಂದು ರೊಟ್ಟಿ ತಿಂದರು. ಮೂಲೆಗಳಿದ್ದ ರೊಟ್ಟಿ. ಹಾಲಿನಲ್ಲಿ ನೆನೆಸಿಕೊಂಡು, ಮುಖ ಗಂಟು ಹಾಕಿಕೊಂಡೇ ತಿಂದರು. ಬಾಗಿಲು ಮಾತ್ರ ಅಂದೂ ಮುಚ್ಚಿತ್ತು.

ನನ್ನ ಸಂಜೆಯ ದಾರಿಗೆ ಬೇರೆಯೇ ಕಷ್ಟ ಬಂತು. ಏರಿ ಮೇಲೆ ಹೋಗುವ ಪ್ರತಿಯೊಂದು ಬೈಕು, ಟ್ರ್ಯಾಕ್ಟರು ನಿಲ್ಲುತ್ತಿತ್ತು. "ಬರ್ರಿ ಟೀಚರ್, ಕೂಡ್ರಿ." ಟೀಚರ್ ನಡೆಯುವುದನ್ನು ನೋಡಿಯೂ ಹಾಗೇ ಹೋಗುವುದು ಅವರಿಗೆ ಆಗದ ಮಾತು. ಒಲ್ಲೆ ಎಂದರೆ ಮುಖ ಸಪ್ಪಗಾಗುತ್ತಿತ್ತು. "ಯಾಕ್ರಿ, ನಮ್ಮ ಗಾಡಿ ಬ್ಯಾಡೇನು?" ನಾಲ್ಕು ದಿನ ಏನೇನೋ ನೆಪ ಹೇಳಿದೆ. ಐದನೇ ದಿನ ಬೇಸತ್ತು, "ನನಗ ಬಿಪಿ ಅದರಿ, ನಡೀಬೇಕಂತ ಹೇಳ್ಯಾರ" ಎಂದುಬಿಟ್ಟೆ. ಟ್ರ್ಯಾಕ್ಟರಿನವ ಇಂಜಿನ್ ಬಂದ್ ಮಾಡಿದ. "ನಮ್ಮವ್ವಗೂ ಅದರಿ ಟೀಚರ್. ಗುಳಿಗಿ ತಗೊಳ್ಳಾಕ ಒಲ್ಲಳು. ನೀವರ ಒಂದ ಮಾತು ಹೇಳ್ರಿ." ಮುಚ್ಚಿಡಲು ಅಷ್ಟು ಕಷ್ಟಪಟ್ಟದ್ದು ಒಂದೇ ವಾರದಲ್ಲಿ ಊರೆಲ್ಲ ಹರಡಿತು, ಯಾರೂ ನಗಲಿಲ್ಲ. ಈಗ ಮಲ್ಲಮ್ಮ ಆಗಾಗ ಸೇತುವೆ ಹತ್ತಿರ ಕಾದಿದ್ದು ಜೊತೆಗೆ ನಡೆಯುತ್ತಾಳೆ. ಹಾರದ ಮಾತು ಇಬ್ಬರೂ ಎತ್ತುವುದಿಲ್ಲ. ಒಮ್ಮೆ ಚೆಂಡು ಹೂವಿನ ಹೊಲದ ಪಕ್ಕ ಹಾಯುವಾಗ ಮಾತ್ರ ಇಬ್ಬರಿಗೂ ಒಟ್ಟಿಗೆ ನಗು ಬಂತು.

ನಾಲ್ಕೂವರೆಯ ಕೆನಾಲ್ ನನಗೆ ಕಪ್ಪಗೆ ಕಂಡಿತ್ತು. ಸಂಜೆ ಅದೇ ನೀರಿನ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ಸಸಿ ಹಚ್ಚಿ ಮುಗಿಸಿದ ಹೆಂಗಸರು ಕಾಲು ತೊಳೆಯುತ್ತಿರುತ್ತಾರೆ. ನಾನು ಓಡುವುದಿಲ್ಲ. ಕೈ ಖಾಲಿ ಬೀಸಿಕೊಂಡು ನಡೆಯುವುದು ಹೇಗೆಂದು ಮೊದಲು ಕೆಲವು ದಿನ ತಿಳಿಯಲೇ ಇಲ್ಲ, ಡಬ್ಬಿಯನ್ನು ಚರಿಗೆಯಂತೆಯೇ ಹಿಡಿದುಕೊಳ್ಳುತ್ತಿದ್ದೆ. ಆಮೇಲೆ ಡಬ್ಬಿ ಬ್ಯಾಗಿನೊಳಗೆ ಹೋಯಿತು.

ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ವಹಿ ನೋಡಿದಳು. ಬೆಳಗಿನದು ನೂರಾ ಮೂವತ್ತಾರು, ಎಂಬತ್ನಾಲ್ಕು. ಹಿಂದುಮುಂದಿನ ದಿನಗಳೂ ಅದರ ಆಸುಪಾಸು. ನಾನು ಪಾಸಾದ ಹುಡುಗಿಯಂತೆ ಅವಳ ಮುಖ ನೋಡಿದೆ.

"ಸಂಜಿ ನಡದದ್ದಕ್ಕೇ ಇಳೀತೇನ್ರಿ?"

"ಅದೂ ಇರಬಹುದು. ಹೊಸ ಗುಳಿಗಿ ಇರಬಹುದು. ನಿದ್ದಿ ಇರಬಹುದು. ಅಂಜಿಕಿ ಹೋಗಿದ್ದೂ ಇರಬಹುದು. ಯಾವುದು ಎಷ್ಟು ಅಂತ ನಾ ಬಿಡಿಸಿ ಹೇಳಾಕಾಗಲ್ಲ. ಯಾವುದನ್ನೂ ಬಿಡಬ್ಯಾಡ್ರಿ, ಅಷ್ಟ."

ಪ್ರಾಮಾಣಿಕ ಮಾತು. ನನಗೂ ಅಷ್ಟೇ ಗೊತ್ತು. ಇದನ್ನು ಓದಿದವರು ನಾಳೆಯಿಂದ ಬೆಳಗಿನ ನಡಿಗೆ ಬಿಡಬೇಕಿಲ್ಲ. ನನ್ನ ಮೈ ನನ್ನ ವಹಿಯಲ್ಲಿ ಬರೆದದ್ದು ಇಷ್ಟು. ನಿಮ್ಮದು ಬೇರೆ ಬರೆದೀತು. ಬೆಳಿಗ್ಗೆ ಹಾಜರಿ ಕರೆಯುವಾಗ ಹನ್ನೊಂದನೇ ಹೆಸರಿಗೆ ಬಂದರೆ ಇವತ್ತಿಗೂ ಒಂದು ಉಸಿರು ತಡೆಯುತ್ತೇನೆ. ಅವಳು "ಹಾಜರ್ ಟೀಚರ್" ಎಂದ ಮೇಲೆ ಬಿಡುತ್ತೇನೆ.

ಹೋದ ವಾರ ಓಣಿ ತಿರುಗುತ್ತಿದ್ದಂತೆ ರೊಟ್ಟಿ ಬಡಿಯುವ ಸದ್ದು ಕೇಳಿತು. ನಮ್ಮ ಮನೆಯದೇ. ಇಷ್ಟು ದೂರ ಹೇಗೆ ಕೇಳುತ್ತದೆ ಎಂದು ನೋಡಿದರೆ ತಲಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲ ಬಳಿ ಅತ್ತೆ ಕಾಲು ಚಾಚಿ ಕೂತಿದ್ದರು. ಎದುರು ಮನೆಯ ಶಾಂತಮ್ಮ ತನ್ನ ಕಟ್ಟೆಯ ಮೇಲಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದಳು.

"ಟೀಚರ್ ಇನ್ನೂ ಬಂದಿಲ್ಲ. ಒಳಗ ರೊಟ್ಟಿ ಬಡಿಯೋರು ಯಾರವ್ವ?"

"ನನ್ನ ಮಗ" ಎಂದರು ಅತ್ತೆ.

"ಅಯ್ಯ, ಗಂಡಸರ ಕೈಲೆ ರೊಟ್ಟಿ ಬಡಸಾಕತ್ತೀರೇನು?"

"ರೊಟ್ಟಿ ಯಾರರ ಬಡೀಲಿ ಬಿಡ. ಸೊಸಿ ಬಾಯಿ ನಿಂತ್ರ ನಾ ಯಾರ ಕೂಡ ಜಗಳ ಮಾಡ್ಲಿ?"

ನಾನು ಬಂದದ್ದನ್ನು ಅವರು ಆಗ ನೋಡಿದರು. ಆಡಿದ ಮಾತು ನಾನು ಕೇಳಿಸಿಕೊಂಡೆನೆಂದು ಗೊತ್ತಾಗಿ, "ತಡ ಆತು ಇವತ್ತು, ಎಲ್ಲಿ ನಿಂತಿದ್ದಿ ಹರಟಿ ಹೊಡಕೊಂತ?" ಎಂದು ಗದರಿದರು. ಉತ್ತರ ಕೊಡಲು ಬಾಯಿ ತೆರೆದರೆ ಮಾತು ಬರಲಿಲ್ಲ. ಈ ಸಲ ಅದು ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಲು ತೊಳೆದು ಒಳಗೆ ಹೋದೆ. ರೊಟ್ಟಿ ಇನ್ನೂ ದಪ್ಪವೇ ಇತ್ತು. ಎರಡು ತಿಂದೆ.